ಸರ್ಕಾರದ ಬಾಕಿ, ಮನೆಯ ಸಾಲ

ಹಾವೇರಿ ಜಿಲ್ಲೆಯ ಮಾಸೂರಿನಿಂದ ಕಾಲೇಜಿಗೆ ಹೋಗಿಬರುವ ತಂಗಿಗೆ,

‘ಸರ್ಕಾರ ದಿವಾಳಿ ಎದ್ದೈತಿ’ ಎಂಬ ಮಾತು ಚಹಾದಂಗಡಿಯಿಂದ ವಿಧಾನಸಭೆಯವರೆಗೂ ಕೇಳುತ್ತಿದೆ. ‘ಎಲ್ಲಾ ಸುಳ್ಳು, ಖಜಾನೆ ಭದ್ರ’ ಎಂಬ ಉತ್ತರವೂ ಅಷ್ಟೇ ಜೋರು. ಡಿಗ್ರಿ ಓದುತ್ತಿರುವ ನಿನಗೆ ಈ ಎರಡು ಮಾತಿನಿಂದಲೂ ಉಪಯೋಗವಿಲ್ಲ. ಮೊದಲನೆಯದನ್ನು ನಂಬಿದರೆ ಸುಮ್ಮನೆ ಹೆದರುತ್ತೀ, ಎರಡನೆಯದನ್ನು ನಂಬಿದರೆ ಮೈಮರೆಯುತ್ತೀ. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ದೇಶದಲ್ಲಿ ಒಂದು ರಾಜ್ಯ ಸರ್ಕಾರ ತನಗೆ ಸಾಲ ಕೊಟ್ಟವರಿಗೆ ಕೈ ಎತ್ತುವುದು ಹೆಚ್ಚುಕಡಿಮೆ ಅಸಾಧ್ಯ, ವ್ಯವಸ್ಥೆಯನ್ನು ಹಾಗೆ ಕಟ್ಟಲಾಗಿದೆ. ಹಣ ಸಾಲದಾದಾಗ ಅದು ಕೈ ಎತ್ತುವುದು ಬಡ್ಡಿ ಕೇಳಲಾಗದವರ ಮುಂದೆ, ಅಂದರೆ ನಿನ್ನ ಮುಂದೆ, ನಿನ್ನ ಅವ್ವನ ಮುಂದೆ, ಬಸ್ಸಿನ ಕಂಡಕ್ಟರರ ಮುಂದೆ. ಆ ದಿವಾಳಿಯನ್ನು ಯಾರೂ ಘೋಷಿಸುವುದಿಲ್ಲ. ಕಾಗದದಲ್ಲಿ ಅದಕ್ಕೆ ‘ಬಾಕಿ’ ಎಂದು ಹೆಸರು.

ನಿಜವಾದ ದಿವಾಳಿ ಹೇಗಿರುತ್ತದೆ ಎಂಬುದನ್ನು ಮೊದಲು ನೋಡು. 2022ರ ಏಪ್ರಿಲ್ 12ರಂದು ಶ್ರೀಲಂಕಾ ತನ್ನ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಒಟ್ಟು ವಿದೇಶಿ ಸಾಲ ಸುಮಾರು 5,100 ಕೋಟಿ ಡಾಲರ್. ಆದರೆ ಆ ಘೋಷಣೆಗೂ ಮೊದಲೇ, ಮಾರ್ಚ್ ತಿಂಗಳಲ್ಲೇ, ಅಲ್ಲಿನ ಪಶ್ಚಿಮ ಪ್ರಾಂತ್ಯದ ಶಾಲೆಗಳು ಪರೀಕ್ಷೆಗಳನ್ನು ಮುಂದೂಡಿದ್ದವು. ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದವಿರಲಿಲ್ಲ, ಕಾಗದ ತರಿಸಲು ಡಾಲರ್ ಇರಲಿಲ್ಲ. ಹದಿಮೂರು ತಾಸಿನವರೆಗೆ ಕರೆಂಟು ಹೋಗುತ್ತಿತ್ತು. ಜೂನ್ ಹೊತ್ತಿಗೆ ಡೀಸೆಲ್ ಇಲ್ಲದೆ ಕೊಲಂಬೊ ಭಾಗದ ಶಾಲೆಗಳನ್ನೇ ಮುಚ್ಚಿದರು. ಆ ಸೆಪ್ಟೆಂಬರಿನಲ್ಲಿ ಬೆಲೆಯೇರಿಕೆ ಶೇ 70ರ ಹತ್ತಿರ ಹೋಯಿತು. ಇದರಲ್ಲಿ ನೀನು ಗಮನಿಸಬೇಕಾದದ್ದು ಕ್ರಮವನ್ನು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಸಾಲಪತ್ರ ಹಿಡಿದು ಕೂತವರಿಗೆ ಬಡ್ಡಿ ನಿಲ್ಲುವ ಮೊದಲು ಕೊಲಂಬೊದ ಹುಡುಗಿಯ ಪರೀಕ್ಷೆ ನಿಂತಿತು.

ಭಾರತವೂ 1991ರಲ್ಲಿ ಅಂಥ ಅಂಚಿಗೆ ಹೋಗಿತ್ತು. ಎರಡು–ಮೂರು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ಹಣ ಉಳಿದಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಮಾರಿ, ಜುಲೈನಲ್ಲಿ ಇನ್ನೂ 47 ಟನ್ ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟು ದೇಶ ಮಾನ ಉಳಿಸಿಕೊಂಡಿತು. ರೂಪಾಯಿಯ ಬೆಲೆಯನ್ನು ಎರಡು ಕಂತಿನಲ್ಲಿ ಇಳಿಸಿದರು. ದೇಶ ದಿವಾಳಿಯಾಗಲಿಲ್ಲ, ಸಾಲ ಕೊಟ್ಟವರಿಗೆಲ್ಲ ಹಣ ಸಂದಿತು. ಆದರೆ ಆ ಜುಲೈ ಬಜೆಟ್ಟಿನಲ್ಲಿ ರಸಗೊಬ್ಬರದ ಬೆಲೆಯನ್ನು ಸರಾಸರಿ ಶೇ 40ರಷ್ಟು ಏರಿಸುವ ಪ್ರಸ್ತಾವ ಬಂತು, ಗದ್ದಲವಾದ ಮೇಲೆ ಶೇ 30ಕ್ಕೆ ಇಳಿಯಿತು. ಹತ್ತಿ, ಗೋವಿನಜೋಳ ನಂಬಿದ ನಿಮ್ಮ ಸೀಮೆಗೆ ಗೊಬ್ಬರ ಎಂದರೆ ಏನೆಂದು ನಾನು ಹೇಳಬೇಕಿಲ್ಲ. 2008ರ ಜೂನ್‌ನಲ್ಲಿ, ಬೇರೆಯೇ ಕಾರಣಕ್ಕೆ, ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿದ್ದು ಇದೇ ಹಾವೇರಿಯಲ್ಲಿ.

ಈಗ ರಾಜ್ಯದ ವಿಷಯಕ್ಕೆ ಬರೋಣ. ರಾಜ್ಯ ಸರ್ಕಾರ ಮುಖ್ಯವಾಗಿ ಸಾಲ ಎತ್ತುವುದು ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನ ಮೂಲಕ. ಕೊಳ್ಳುವವರು ಬ್ಯಾಂಕು, ವಿಮಾ ಕಂಪನಿ, ಭವಿಷ್ಯನಿಧಿಗಳು. ರಾಜ್ಯದ ಖಾತೆ ಇರುವುದೂ ರಿಸರ್ವ್ ಬ್ಯಾಂಕಿನಲ್ಲೇ. ಬಡ್ಡಿಯ ದಿನ ಬಂದರೆ ಖಾತೆಯಿಂದ ಹಣ ಹೋಗಿಯೇ ಹೋಗುತ್ತದೆ, ಅಲ್ಲಿ ಮಂತ್ರಿಯ ಮರ್ಜಿ ನಡೆಯುವುದಿಲ್ಲ. ಹಾಗಾಗಿ ಕೊರತೆ ಬಿದ್ದಾಗ ತಡೆಯಬಹುದಾದದ್ದು ಉಳಿದ ಪಾವತಿಗಳನ್ನು ಮಾತ್ರ. ಕೇರಳದಲ್ಲಿ ಆದದ್ದು ಇದೇ. ಸಾಲದ ಮಿತಿಯ ವಿಷಯದಲ್ಲಿ ಆ ರಾಜ್ಯ ಕೇಂದ್ರದ ವಿರುದ್ಧ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಹೊತ್ತಿಗೆ ತಿಂಗಳಿಗೆ 1,600 ರೂಪಾಯಿಯ ಸಾಮಾಜಿಕ ಪಿಂಚಣಿ ಹಲವು ತಿಂಗಳು ನಿಂತಿತ್ತು. ಆ ಪಿಂಚಣಿಗೆ ಕಾದವರಲ್ಲಿ ಕಾಸರಗೋಡಿನ ಕನ್ನಡ ಮನೆಗಳ ಮುದುಕರೂ ಇದ್ದರು. ಸಾಲಪತ್ರ ಹಿಡಿದವರ ಬಡ್ಡಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ನಮ್ಮ ಕರ್ನಾಟಕದಲ್ಲೂ ಲಕ್ಷಣಗಳು ಕಾಣುತ್ತಿವೆ, ಅವನ್ನು ನೀನು ಹೆಸರಿಟ್ಟು ಗುರುತಿಸಬೇಕು. ಸಾರಿಗೆ ನಿಗಮಗಳ ನೌಕರರು 2025ರ ಆಗಸ್ಟ್ 5ರಂದು ಮುಷ್ಕರ ಹೂಡಿದ್ದು ಮುಖ್ಯವಾಗಿ ವೇತನ ಪರಿಷ್ಕರಣೆಯ 38 ತಿಂಗಳ ಬಾಕಿಗಾಗಿ. ಅದಕ್ಕೂ ಮೊದಲು, ಡೀಸೆಲ್ ಮತ್ತು ಭವಿಷ್ಯನಿಧಿಯ ಬಾಕಿ ತೀರಿಸಲೆಂದೇ ನಾಲ್ಕೂ ನಿಗಮಗಳಿಗೆ 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಟ್ಟಿತು. ನಿನ್ನನ್ನು ಕಾಲೇಜಿಗೆ ಒಯ್ಯುವ ವಾಯವ್ಯ ಸಾರಿಗೆಯೂ ಅದರಲ್ಲಿ ಒಂದು. 2025ರ ಜನವರಿ 5ರಿಂದ ಟಿಕೆಟ್ ದರ ಶೇ 15ರಷ್ಟು ಏರಿತು. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ನಿನಗೆ ಅದು ತಟ್ಟದಿರಬಹುದು, ನಿನ್ನ ಅಪ್ಪನಿಗೆ ತಟ್ಟಿದೆ. ಗೃಹಲಕ್ಷ್ಮಿಯ 2025ರ ಫೆಬ್ರುವರಿ, ಮಾರ್ಚ್ ಕಂತುಗಳು ಸಂದಾಯವಾಗಿಲ್ಲವೆಂದು ಅದೇ ವರ್ಷದ ಬೆಳಗಾವಿ ಅಧಿವೇಶನದಲ್ಲಿ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಗುತ್ತಿಗೆದಾರರ ಸಂಘ ತಮಗೆ 30 ಸಾವಿರ ಕೋಟಿಗೂ ಮೇಲೆ ಬಾಕಿ ಇದೆ ಎನ್ನುತ್ತ ಬಂದಿದೆ. ಇವೆಲ್ಲಕ್ಕಿಂತ ನಿನಗೆ ಹತ್ತಿರದ್ದು ಹಾವೇರಿ ವಿಶ್ವವಿದ್ಯಾಲಯದ ಸಂಗತಿ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದೆಂದು ಪಟ್ಟಿ ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದೂ ಇತ್ತು, ಮುಖ್ಯ ಕಾರಣ ಹಣವಿಲ್ಲದಿರುವುದು. ಹಿಂದಿನ ಸರ್ಕಾರ ಸಾಕಷ್ಟು ಹಣವಿಡದೆ ತೆರೆಯಿತು, ಮುಂದಿನ ಸರ್ಕಾರ ಹಣವಿಲ್ಲವೆಂದು ಮುಚ್ಚಲು ಹೊರಟಿತು. ನಡುವೆ ಪ್ರವೇಶ ಪಡೆದ ಮಕ್ಕಳನ್ನು ಯಾರೂ ಕೇಳಲಿಲ್ಲ.

ಇದನ್ನು ನಾನು ದಿವಾಳಿ ಎನ್ನುವುದಕ್ಕೆ ಕಾರಣವಿದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದವನಿಗೆ ಅಂಗಡಿಯವನು ಮುಂದಿನ ತಿಂಗಳು ಸಾಮಾನು ಕೊಡದೆ ಇರಬಹುದು. ಸರ್ಕಾರ ನಿನ್ನಿಂದ ಉದ್ರಿ ಪಡೆದರೆ ನಿನಗೆ ಆ ಅನುಕೂಲವಿಲ್ಲ. ವಿದ್ಯಾರ್ಥಿವೇತನ ಆರು ತಿಂಗಳು ತಡವಾದರೆ ಅಷ್ಟು ದಿನ ನೀನೇ ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ಆದರೆ ಕಾಲೇಜಿನ ಫೀಸು, ಹಾಸ್ಟೆಲಿನ ಖರ್ಚು ತಡೆಯುವುದಿಲ್ಲ, ಆ ಹಣವನ್ನು ಮನೆಯವರು ಬಡ್ಡಿಗೆ ತರುತ್ತಾರೆ. ಸರ್ಕಾರ ಪೇಟೆಯಲ್ಲಿ ಶೇ 7–8ರ ಆಸುಪಾಸಿಗೆ ಸಾಲ ಎತ್ತಬಲ್ಲದು. ಸಂಘದ ಸಾಲ, ಫೈನಾನ್ಸಿನ ಸಾಲ ಎಂದು ನಿನ್ನ ಅವ್ವ ತರುವ ಹಣದ ಬಡ್ಡಿ ಅದರ ಎರಡು ಮೂರು ಪಟ್ಟು. ಕಡಿಮೆ ಬಡ್ಡಿಗೆ ಸಾಲ ಸಿಗುವವನ ಹೊರೆ ಹೆಚ್ಚು ಬಡ್ಡಿ ತೆರುವವಳ ತಲೆಗೆ ಹೋಗುತ್ತದೆ. ಇದು ಲೆಕ್ಕದಲ್ಲೂ ತಪ್ಪು, ನ್ಯಾಯದಲ್ಲೂ ತಪ್ಪು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೊಫೈನಾನ್ಸ್ ಕಿರುಕುಳ ತಾಳಲಾರದೆ ತಮ್ಮ ತಾಳಿಯನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಆ ಕಿರುಕುಳ ತಡೆಯಲು ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಆ ಸಾಲಗಳಿಗೆಲ್ಲ ಸರ್ಕಾರದ ಬಾಕಿಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಬೆಳೆನಷ್ಟ, ಆಸ್ಪತ್ರೆ, ಮದುವೆ ಎಲ್ಲವೂ ಅದರಲ್ಲಿವೆ. ಆದರೆ ಅಂಥ ಮನೆಗೆ ಬರಬೇಕಾದ ಹಣ ತಿಂಗಳುಗಟ್ಟಲೆ ನಿಂತರೆ ಅವರು ಹೋಗುವ ಬಾಗಿಲು ಯಾವುದೆಂದು ನಿನಗೂ ಗೊತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನು ನೋಡೋಣ. ಕರ್ನಾಟಕದ ಸಾಲ ಮಿತಿಯೊಳಗೇ ಇದೆ ಎಂಬುದು ಮೊದಲನೆಯದು. ಮಾತು ನಿಜ. 2025–26ರ ಬಜೆಟ್ಟಿನ ಪ್ರಕಾರ ರಾಜ್ಯದ ಒಟ್ಟು ಹೊಣೆ 7.64 ಲಕ್ಷ ಕೋಟಿ ರೂಪಾಯಿ, ರಾಜ್ಯದ ಒಟ್ಟು ಉತ್ಪನ್ನದ ಶೇ 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ 25. ತಲೆಗೆ ಒಂದು ಲಕ್ಷಕ್ಕೂ ಮೇಲೆ ಸಾಲ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡ, ಆ ಭಾಗಾಕಾರದಿಂದ ಏನೂ ತಿಳಿಯುವುದಿಲ್ಲ. ತಿಳಿಯುವುದು ಬೇರೆ ಅಂಕಿಗಳಿಂದ. ಆ ವರ್ಷ ಎತ್ತಲು ಹೊರಟ ಸಾಲ 1.16 ಲಕ್ಷ ಕೋಟಿ. ಹಳೆಯ ಸಾಲದ ಮರುಪಾವತಿಗೆ ಬೇಕಾದದ್ದು 26,474 ಕೋಟಿ. ಕಟ್ಟಡ, ಕಾಲುವೆ, ರಸ್ತೆಯಂಥ ಬಂಡವಾಳ ವೆಚ್ಚಕ್ಕೆ ಇಟ್ಟದ್ದು 71,336 ಕೋಟಿ. ಎರಡನ್ನೂ ಕೂಡಿದರೂ ಸುಮಾರು 98 ಸಾವಿರ ಕೋಟಿಯಾಗುತ್ತದೆ. ಉಳಿದ ಸಾಲ ದಿನದ ಖರ್ಚಿಗೆ. 19,262 ಕೋಟಿಯ ರಾಜಸ್ವ ಕೊರತೆ ಎಂದರೆ ಹೆಚ್ಚುಕಡಿಮೆ ಇದೇ. ಇನ್ನು ಮಿತಿಯ ಮಾತು. ಗುತ್ತಿಗೆದಾರನ ಪಾವತಿಯಾಗದ ಬಿಲ್ಲಾಗಲಿ ನಿಗಮ ತನ್ನ ಹೆಸರಿನಲ್ಲಿ ಉಳಿಸಿಕೊಂಡ ವೇತನ ಬಾಕಿಯಾಗಲಿ ಸರ್ಕಾರ ಎತ್ತಿದ ಸಾಲವಲ್ಲ, ಹಾಗಾಗಿ ಆ ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಶೇ 25ರ ಗೆರೆ ದಾಟದಿರುವುದಕ್ಕೆ ಬಾಕಿಯೇ ಸುಲಭದ ದಾರಿಯಾಗಬಲ್ಲದು. ಮಿತಿಯೊಳಗಿರುವುದಷ್ಟೇ ಸಮಾಧಾನಕ್ಕೆ ಸಾಲದು ಎಂದು ನಾನು ಹೇಳುವುದು ಅದಕ್ಕೇ.

ಎಲ್ಲಕ್ಕೂ ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿಗಳೇ ಮೂಲ, ಅವನ್ನು ನಿಲ್ಲಿಸಿದರೆ ಸರಿಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಐದು ಗ್ಯಾರಂಟಿಗಳಿಗೆ ಅದೇ ಬಜೆಟ್ಟಿನಲ್ಲಿ 51,034 ಕೋಟಿ ಇತ್ತು. ಸಣ್ಣ ಮೊತ್ತವಲ್ಲ, ಅದರ ಒತ್ತಡ ಇಲ್ಲವೆನ್ನುವವರು ಸತ್ಯ ಹೇಳುತ್ತಿಲ್ಲ. ಆದರೆ ಸಾರಿಗೆ ನೌಕರರ 38 ತಿಂಗಳ ಬಾಕಿ ಶುರುವಾಗುವುದು 2020ರ ಜನವರಿಯಿಂದ, ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ. ಹಾವೇರಿಯ ವಿಶ್ವವಿದ್ಯಾಲಯಕ್ಕೆ ಸಾಕಷ್ಟು ಹಣವಿಡದೆ ಫಲಕ ಹಾಕಿದ್ದೂ ಗ್ಯಾರಂಟಿಗಳಿಗೆ ಮೊದಲು. ರೋಗ ಒಂದು ಪಕ್ಷದ್ದಲ್ಲ. ಹಣದ ದಾರಿ ತೋರಿಸದೆ ಮಾತು ಕೊಡುವ ಅಭ್ಯಾಸ ಎಲ್ಲ ಪಕ್ಷಗಳಿಗೂ ಇದೆ. ಗೃಹಲಕ್ಷ್ಮಿಯಿಂದ ಅವ್ವನ ಕೈಗೆ ಬರುವ 2,000 ರೂಪಾಯಿ ಕೆಟ್ಟ ಖರ್ಚೆಂದು ನಾನು ಒಪ್ಪುವುದಿಲ್ಲ. ತಿಂಗಳು ತಪ್ಪದೆ ಬಂದಾಗ ಅದು ಕಂತಿನ ಸಾಲದಿಂದ ಒಂದು ಮನೆಯನ್ನು ಕಾಪಾಡುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲ ಎಂದಾದರೆ ಅದನ್ನೇ ನಂಬಿ ಸಾಲ ಮಾಡಿದ ಮನೆ ಕೆಡುತ್ತದೆ.

ಇನ್ನು ಕೆಲವರು ಸಾಲದ ಸಂಕಟ ಹೇಳಿದ, ನಿಮ್ಮೂರಿನ ನಂಟಿರುವ ಸರ್ವಜ್ಞನನ್ನೇ ಮುಂದಿಟ್ಟು, ಸರ್ಕಾರ ಸಾಲವನ್ನೇ ಮಾಡಬಾರದು ಎನ್ನುತ್ತಾರೆ. ಆತನ ಮಾತು ಮನೆಗೆ ಸರಿ. ಸರ್ಕಾರಕ್ಕೆ ಅದನ್ನು ಇದ್ದಂತೆಯೇ ಅನ್ವಯಿಸಲಾಗದು. ಮೂವತ್ತು ವರ್ಷ ನೀರು ಹರಿಸುವ ಕಾಲುವೆಯನ್ನು ಒಂದೇ ವರ್ಷದ ತೆರಿಗೆಯಿಂದ ಕಟ್ಟುವುದು ಈಗಿನವರಿಗೆ ಅನ್ಯಾಯ, ಅದರ ಲಾಭ ಪಡೆಯುವ ನಾಳಿನವರೂ ಪಾಲು ಕೊಡಬೇಕು. ಸಾಲ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಸಾಲದಿಂದ ಏನು ಕಟ್ಟಿದರು ಎಂಬುದರ ಬಗ್ಗೆ, ಹಣ ಕಡಿಮೆಯಾದಾಗ ಯಾರನ್ನು ಕಾಯಿಸಿದರು ಎಂಬುದರ ಬಗ್ಗೆ.

ಕೊನೆಗೆ ದಿಲ್ಲಿ ಇದೆಯಲ್ಲ, ಬಿದ್ದರೆ ಎತ್ತುತ್ತದೆ ಎನ್ನುವವರೂ ಇದ್ದಾರೆ. ಎತ್ತಬಹುದು. ಎತ್ತುವವರು ಶರತ್ತು ಹಾಕುತ್ತಾರೆ, ಆ ಶರತ್ತು ಮನೆಮನೆಯ ಬಿಲ್ಲಾಗಿ ಬರುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೆ ಕಾದಿದ್ದ ಶ್ರೀಲಂಕಾ 2023ರ ಫೆಬ್ರುವರಿಯಲ್ಲಿ ವಿದ್ಯುತ್ ದರವನ್ನು ಶೇ 66ರಷ್ಟು ಏರಿಸಿತು. ದೂರ ಯಾಕೆ, ಮಾಸೂರಿನ ಸರಹದ್ದಿಗೆ ಹೊಂದಿದ ಶಿಕಾರಿಪುರ ಸೀಮೆಯ ಚರಿತ್ರೆಯನ್ನೇ ಓದು. ಮೈಸೂರು ಅರಸರು ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕೆಂದು 1799ರ ಒಪ್ಪಂದದಲ್ಲಿತ್ತು. ಬೊಕ್ಕಸ ಸೊರಗಿದಾಗ ಅಮಲ್ದಾರರು ಇಂತಿಷ್ಟು ಕಂದಾಯ ಎತ್ತಿಯೇ ಕೊಡುತ್ತೇವೆಂದು ಒಪ್ಪುವ ಶರ್ತಿ ಪದ್ಧತಿ ಹಬ್ಬಿತು, ಆ ಮೊತ್ತವನ್ನು ರೈತರಿಂದ ಹಿಂಡಿದರು. 1830ರಲ್ಲಿ, ಶಿಕಾರಿಪುರವೂ ಸೇರಿದ್ದ ನಗರ ಸೀಮೆಯ ರೈತರು ದಂಗೆ ಎದ್ದರು. ತನಗೆ ಬರಬೇಕಾದ ಹಣಕ್ಕೆ ಧಕ್ಕೆಯಾಗಬಹುದೆಂಬ ಕಾರಣವನ್ನೂ ಮುಂದಿಟ್ಟು ಕಂಪನಿ 1831ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು, ಅದು ಅರಸರಿಗೆ ಮರಳಿದ್ದು 1881ರಲ್ಲಿ. ಇಂದಿನ ಕೇಂದ್ರ ಕಂಪನಿ ಸರ್ಕಾರವಲ್ಲ, ಎರಡನ್ನೂ ಒಂದೇ ಎನ್ನುವುದು ಅತಿಯಾದೀತು. ಆದರೆ ಬೊಕ್ಕಸದ ಕೊರತೆ ಮೊದಲು ಯಾರ ಮೇಲೆ ಇಳಿಯಿತು, ಯಾರ ಹಣ ಕೊನೆಯವರೆಗೂ ಭದ್ರವಾಗಿತ್ತು ಎಂಬುದನ್ನು ಮಾತ್ರ ಗಮನಿಸು.

ನಿನಗೆ ನನ್ನ ಸಲಹೆ ಇಷ್ಟು. ಬರಬೇಕಿರುವ ಸರ್ಕಾರಿ ಹಣವನ್ನು ನಂಬಿ ಫೈನಾನ್ಸಿನ ಸಾಲಕ್ಕೆ ಮನೆಯವರು ಸಹಿ ಹಾಕದಂತೆ ನೋಡಿಕೊ. ವಿದ್ಯಾರ್ಥಿವೇತನದ ಅರ್ಜಿಯನ್ನು ಕೊನೆಯ ದಿನಕ್ಕೆ ಬಿಡಬೇಡ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡು, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊ. ತಡವಾದರೆ ಒಬ್ಬಳೇ ಕಚೇರಿಗೆ ಅಲೆಯಬೇಡ. ತರಗತಿಯವರೆಲ್ಲ ಸೇರಿ ಬರೆದುಕೊಡಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಎಷ್ಟು ಮಂದಿಗೆ ಎಷ್ಟು ತಿಂಗಳಿನದು ನಿಂತಿದೆ ಎಂದು ಅಂಕಿಸಮೇತ ಕೇಳಿ. ಗ್ರಾಮಸಭೆಯಲ್ಲಿ ಹೊಸ ಕಾಮಗಾರಿಯ ಪಟ್ಟಿ ಓದುವಾಗ ಹಳೆಯದರ ಬಾಕಿ ಎಷ್ಟು ಎಂದು ಎದ್ದು ಕೇಳುವ ಧೈರ್ಯ ನಿನಗಿರಲಿ. ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಲಿ, ಅವರಿಗೆ ಒಂದು ಬೇಡಿಕೆ ಇಡು: ಸಂಬಳ, ವಿದ್ಯಾರ್ಥಿವೇತನ, ಪಿಂಚಣಿ, ಬಿಲ್ಲು ಎಲ್ಲದರ ಬಾಕಿಯ ಪೂರ್ತಿ ಲೆಕ್ಕ ಪ್ರತಿವರ್ಷ ಬಜೆಟ್ ಪುಸ್ತಕದ ಜೊತೆಗೇ ಇಲಾಖೆವಾರು ಅಚ್ಚಾಗಿ ಬರಬೇಕು, ಮಕ್ಕಳ ವಿದ್ಯಾರ್ಥಿವೇತನ ತಡವಾದಷ್ಟು ದಿನಕ್ಕೆ ಸರ್ಕಾರ ಬಡ್ಡಿ ಸೇರಿಸಿ ಕೊಡಬೇಕು.

ಇಂತಿ,
ನಿನ್ನ ಹಿತ ಬಯಸುವ ಹಿರಿಯ