ಮರಳಿನಲ್ಲಿ ದ್ರಾಕ್ಷಿ: ಪೋರ್ಚುಗಲ್ಲಿನ ಕೊಲಾರೆಸ್ ಕಡಲತೀರ

ದ್ರಾಕ್ಷಿಗೆ ಎಂಥ ಮಣ್ಣು ಬೇಕೆಂದು ಯಾರಾದರೂ ಕೇಳಿದರೆ, ನೀರು ಚೆನ್ನಾಗಿ ಬಸಿದುಹೋಗುವ, ಸ್ವಲ್ಪ ಗರಸು ಬೆರೆತ ಭೂಮಿ ಬೇಕೆಂದು ನಾವು ಹೇಳುತ್ತೇವೆ. ಕಡಲದಂಡೆಯ ಬರಿಯ ಮರಳಿನಲ್ಲಿ ನೆಡಿ ಎಂದು ಯಾರೂ ಹೇಳುವುದಿಲ್ಲ. ಸಾಂಸ್ಕೃತಿಕ ವಿನಿಮಯ ಪ್ರವಾಸದಲ್ಲಿ ಪೋರ್ಚುಗಲ್ಲಿಗೆ ಹೋದ ನಮ್ಮ ತಂಡವು ಅಂಥ ತೋಟಗಳನ್ನು ಕಣ್ಣಾರೆ ಕಂಡಿತು. ಊರಿನ ಹೆಸರು ಕೊಲಾರೆಸ್. ಹೆಸರು ಕೇಳಿದೊಡನೆ ನಮ್ಮೆಲ್ಲರಿಗೂ ಕೋಲಾರವೇ ನೆನಪಾಯಿತು! ರಾಜಧಾನಿ ಲಿಸ್ಬನ್ನಿನ ಪಶ್ಚಿಮಕ್ಕೆ, ಸಿಂಟ್ರಾ ಬೆಟ್ಟಗಳಿಗೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ಇರುವ ಸೀಮೆ ಅದು. ಯೂರೋಪಿನ ಭೂಭಾಗದ ತೀರ ಪಶ್ಚಿಮದ ತುದಿಯಾದ ರೋಕಾ ಭೂಶಿರವೂ ಅಲ್ಲಿಯೇ ಇದೆ.

ಮೊದಲು ನೋಡಿದಾಗ ತೋಟವೆಂದು ತಿಳಿಯಲೇ ಇಲ್ಲ. ಚಪ್ಪರವಿಲ್ಲ, ತಂತಿಯಿಲ್ಲ. ಕುಂಬಳದ ಬಳ್ಳಿಯಂತೆ ದ್ರಾಕ್ಷಿ ನೆಲದ ಮೇಲೆಯೇ ಹರಿದಿರುತ್ತದೆ. ಕಡಲಗಾಳಿ ಅಷ್ಟು ಜೋರು. ಬಳ್ಳಿ ತಲೆಯೆತ್ತಿದರೆ ಉಳಿಯುವುದಿಲ್ಲ. ಸಾಲುಗಳ ನಡುವೆ ಜೊಂಡಿನಂಥ ಒಣ ಕಡ್ಡಿಗಳನ್ನು ಒತ್ತಾಗಿ ನಿಲ್ಲಿಸಿ ಗಾಳಿತಡೆ ಕಟ್ಟುತ್ತಾರೆ. ಕೆಲವೆಡೆ ಕಲ್ಲಿನ ಗಿಡ್ಡ ಗೋಡೆಗಳೂ ಇವೆ. ಬೇಸಿಗೆಯಲ್ಲಿ ಮರಳು ಕಾಯುತ್ತದೆಯಲ್ಲವೆ? ಹಣ್ಣು ಸುಡದಂತೆ, ಮಾಗುವ ಮೊದಲು ಬಳ್ಳಿಯ ಕೆಳಗೆ ಗೇಣುದ್ದದ ಕಡ್ಡಿಗಳನ್ನು ಊರೆ ಕೊಟ್ಟು ಗೊಂಚಲನ್ನು ನೆಲದಿಂದ ಎತ್ತಿ ಹಿಡಿಯುತ್ತಾರೆ. ಇದೆಲ್ಲ ಕೈಕೆಲಸವೇ, ಯಂತ್ರ ಇಳಿಯುವ ಜಾಗವಲ್ಲ ಅದು.

ನೆಡುವ ಕ್ರಮ ಇನ್ನೂ ಕಷ್ಟದ್ದು. ಮೇಲೆ ಮರಳು, ಅದರ ಅಡಿಯಲ್ಲಿ ಜೇಡಿಮಣ್ಣು. ಮರಳಿನ ದಪ್ಪ ಕೆಲವೆಡೆ ಒಂದು ಮೀಟರು, ಕೆಲವೆಡೆ ಹಲವು ಮೀಟರು. ಜೇಡಿ ಸಿಗುವವರೆಗೆ ಕಂದಕ ತೋಡಿ, ಅದರಲ್ಲಿ ಕಡ್ಡಿ ನೆಟ್ಟು, ಬಳ್ಳಿ ಬೆಳೆದಂತೆಲ್ಲ ಸ್ವಲ್ಪಸ್ವಲ್ಪವಾಗಿ ಮರಳು ತುಂಬುತ್ತ ಬರುತ್ತಾರೆ. ಬೇರಿಗೆ ತೇವ ಕೆಳಗಿನ ಜೇಡಿಯಿಂದ ಸಿಗುತ್ತದೆ. ಹಿಂದೆ ಕಂದಕ ತೋಡುವ ಆಳುಗಳು ತಲೆಗೆ ಬುಟ್ಟಿ ಬೋರಲು ಹಾಕಿಕೊಳ್ಳುತ್ತಿದ್ದರಂತೆ. ಮರಳು ಕುಸಿದು ಹೂತುಹೋದರೆ, ಮೇಲಿನವರು ಬಗೆದು ತೆಗೆಯುವವರೆಗೆ ಬುಟ್ಟಿಯೊಳಗಿನ ಗಾಳಿಯೇ ಉಸಿರಿಗೆ ಆಧಾರ. ಬಾವಿ ತೋಡಿಸಿದ ಅನುಭವವುಳ್ಳ ನಮ್ಮ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಪಾಡು ಏತಕ್ಕೆ? ಉತ್ತರ ಒಂದು ಹೇನಿನಲ್ಲಿದೆ. ಅಮೆರಿಕದಿಂದ ತಂದ ದ್ರಾಕ್ಷಿ ಗಿಡಗಳ ಬೇರಿಗೆ ಅಂಟಿಕೊಂಡು ಫಿಲ್ಲಾಕ್ಸೆರಾ ಎಂಬ ಸಣ್ಣ ಕೀಟವು ಯೂರೋಪನ್ನು ಸೇರಿತು. 1860ರ ದಶಕದಲ್ಲಿ ಫ್ರಾನ್ಸಿನ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. ಕೀಟವು ಬೇರಿನ ರಸ ಹೀರುತ್ತದೆ. ಬೇರು ಗಂಟುಕಟ್ಟಿ ಕೊಳೆಯುತ್ತದೆ. ಕೆಲವು ವರ್ಷಗಳಲ್ಲಿ ಬಳ್ಳಿ ಸಾಯುತ್ತದೆ. ಪೋರ್ಚುಗಲ್ಲೂ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಕಂಡ ಪರಿಹಾರವೆಂದರೆ, ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರುಸಸಿಯ ಮೇಲೆ ಯೂರೋಪಿನ ತಳಿಯನ್ನು ಕಸಿ ಮಾಡುವುದು. ಆದರೆ ಈ ಕೀಟ ಒಂದು ಬೇರಿನಿಂದ ಇನ್ನೊಂದಕ್ಕೆ ಸಾಗುವುದು ಮಣ್ಣಿನ ಬಿರುಕುಗಳ ಮೂಲಕ. ಸಡಿಲ ಮರಳಿನಲ್ಲಿ ಬಿರುಕು ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ದಾರಿಯಿಲ್ಲ. ಹೀಗಾಗಿ ಕೊಲಾರೆಸ್ಸಿನ ರಮಿಸ್ಕೋ ಎಂಬ ಕಪ್ಪು ದ್ರಾಕ್ಷಿ ಇಂದಿಗೂ ಕಸಿಯಿಲ್ಲದೆ, ತನ್ನ ಸ್ವಂತ ಬೇರಿನ ಮೇಲೆಯೇ ನಿಂತಿದೆ. ಹೊಸ ಗಿಡ ಬೇಕಾದರೆ ಹಳೆಯ ಬಳ್ಳಿಯನ್ನು ಬಾಗಿಸಿ ಹೂತು ಬೇರು ಬಿಡಿಸಿಕೊಳ್ಳುವುದೂ ಉಂಟು.

ನಮ್ಮಲ್ಲಿಯೂ ವಿಜಯಪುರದ ಕಡೆ ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಕಸಿ ಮಾಡುತ್ತಾರೆ. ಆದರೆ ಅದಕ್ಕೆ ಕಾರಣ ಉಪ್ಪುನೀರು ಮತ್ತು ಬರ. ಇನ್ನೊಂದು ವ್ಯತ್ಯಾಸವೂ ಇದೆ. ನಾವು ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟನಿ ಮಾಡುತ್ತೇವೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುವುದರಿಂದ ವರ್ಷಕ್ಕೆ ಒಂದೇ ಚಾಟನಿ.

1908ರಲ್ಲಿ ಸರ್ಕಾರ ಈ ಸೀಮೆಗೆ ಎಲ್ಲೆ ಗೊತ್ತುಮಾಡಿತು. 1931ರಲ್ಲಿ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. ವೈನ್ ರುಚಿಯ ವಿಚಾರ ಈ ಪತ್ರಿಕೆಗೆ ಬೇಡ. ಒಗರು ಹೆಚ್ಚಿರುವ ಕಾರಣ ಅದನ್ನು ವರ್ಷಗಟ್ಟಲೆ ಇಟ್ಟು ಮಾರುತ್ತಾರೆಂದರೆ ಸಾಕು. ಹೇನು ಗೆಲ್ಲಲಾಗದ ಈ ತೋಟಗಳನ್ನು ನಿವೇಶನಗಳು ಗೆದ್ದಿವೆ. ಕಡಲು ಕಾಣುವ ಜಾಗಕ್ಕೆ ಪಟ್ಟಣದವರು ಕೊಡುವ ಬೆಲೆಯನ್ನು ಯಾವ ದ್ರಾಕ್ಷಿಯೂ ಕೊಡಲಾರದು. ಒಂದು ಕಾಲಕ್ಕೆ ಸಾವಿರ ಹೆಕ್ಟೇರ್ ದಾಟಿದ್ದ ತೋಟ ಈಗ ಕೆಲವೇ ಹತ್ತು ಹೆಕ್ಟೇರುಗಳಿಗೆ ಇಳಿದಿದೆ. ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಇದನ್ನು ಕೇಳಿ ಆಶ್ಚರ್ಯಪಡಲಾರರು.

ಹೊರಡುವ ದಿನ ನಮ್ಮಲ್ಲೊಬ್ಬರು ಆರು ರಮಿಸ್ಕೋ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಆಸೆ ತಪ್ಪಲ್ಲ. ಆದರೆ ಫಿಲ್ಲಾಕ್ಸೆರಾ ಸಮುದ್ರ ದಾಟಿದ್ದೂ ಇಂಥ ಆಸೆಯ ಜೊತೆಯಲ್ಲಿಯೇ. ಭಾರತದಲ್ಲಿ 1914ರಿಂದಲೇ ಇದಕ್ಕೆ ಕಾಯಿದೆಯಿದೆ. 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಪರವಾನಗಿಯೂ ಸಸ್ಯಾರೋಗ್ಯ ಪ್ರಮಾಣಪತ್ರವೂ ಇಲ್ಲದೆ ನೆಡುವ ಕಡ್ಡಿಯನ್ನು ತರುವಂತಿಲ್ಲ. ಅವರು ಮೊದಲು ಸಿಟ್ಟಾದರು, ಆಮೇಲೆ ಒಪ್ಪಿದರು. ಆ ಕಡ್ಡಿಗಳನ್ನು ನಾವು ಇಳಿದುಕೊಂಡಿದ್ದ ಮನೆಯ ಒಲೆಗೇ ಹಾಕಿ ಬಂದೆವು.