ಮಾಂಸವಿಲ್ಲದ ದಿನ ತಟ್ಟೆಯಲ್ಲಿ ಏನಿರಬೇಕು?

“ಇನ್ನು ಮುಂದೆ ಮಾಂಸ ಸ್ವಲ್ಪ ಕಡಿಮೆ ಮಾಡಿ” ಎಂದು ವೈದ್ಯರು ಹೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, “ಹಾಗಾದರೆ ಊಟಕ್ಕೆ ಏನು ಮಾಡುವುದು?” ಎಂಬುದು. ಕೆಲವರಿಗೆ ಕೊಲೆಸ್ಟರಾಲ್ ಹೆಚ್ಚಿರುತ್ತದೆ. ಕೆಲವರಿಗೆ ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳು ಊದಿಕೊಂಡಿರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಕಾಯಿಲೆ ಇಲ್ಲ. ಮಾಂಸದ ಬೆಲೆಯೇ ವಾರಕ್ಕೆ ನಾಲ್ಕು ದಿನ ಮಾಂಸವಿಲ್ಲದ ಅಡುಗೆ ಮಾಡಿಸುತ್ತದೆ. ಕಾರಣ ಏನೇ ಇರಲಿ, ಮಾಂಸವಿಲ್ಲದ ದಿನಗಳು ಈಗ ಬಹುತೇಕ ಎಲ್ಲ ಮನೆಗಳಲ್ಲೂ ಇವೆ. ಆ ದಿನ ನಾವು ಏನು ತಿನ್ನುತ್ತೇವೆ ಎಂಬುದರ ಕಡೆಗೆ ಮಾತ್ರ ಯಾರ ಗಮನವೂ ಇಲ್ಲ.

ಮಾಂಸ ಬಿಟ್ಟ ಕೆಲವೇ ವಾರಗಳಲ್ಲಿ ರೋಗಿಗಳು ಮರಳಿ ಬಂದು, “ಡಾಕ್ಟ್ರೇ, ನೀವು ಹೇಳಿದ ಹಾಗೆ ಮಾಂಸ ಬಿಟ್ಟೆ, ಈಗ ಮೈಯಲ್ಲಿ ಶಕ್ತಿಯೇ ಇಲ್ಲ” ಎನ್ನುವುದುಂಟು. ದಿನವಿಡೀ ಏನೇನು ತಿಂದಿರಿ ಎಂದು ಕೇಳಿದರೆ ಉತ್ತರ ಹೆಚ್ಚು ಕಡಿಮೆ ಒಂದೇ: ಬೆಳಿಗ್ಗೆ ಚಹಾ ಮತ್ತು ಬನ್ನು, ಮಧ್ಯಾಹ್ನ ಅನ್ನ, ತಿಳಿಸಾರು, ಉಪ್ಪಿನಕಾಯಿ, ಹಪ್ಪಳ. ರಾತ್ರಿಗೂ ಅದೇ. ಇದನ್ನು ಸಸ್ಯಾಹಾರ ಎನ್ನಲಾಗದು. ಮಾಂಸದ ಜಾಗವನ್ನು ಖಾಲಿ ಬಿಟ್ಟ ಊಟ ಇದು. ಮಾಂಸ ತೆಗೆದರೆ ಆ ಜಾಗಕ್ಕೆ ಕಾಳು-ಬೇಳೆ ಬರಬೇಕು, ಅದೂ ಸಾಕಷ್ಟು ಪ್ರಮಾಣದಲ್ಲಿ ಬರಬೇಕು. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಒಂದು ವಿಷಯ ಮೊದಲೇ ಸ್ಪಷ್ಟಪಡಿಸುತ್ತೇನೆ. ಇದು ಹಲಾಲ್ ಆದ ಆಹಾರವನ್ನು ಬಿಟ್ಟುಬಿಡಿ ಎಂಬ ಉಪದೇಶವಲ್ಲ. ಪ್ರವಾದಿವರ್ಯರ(ಸ) ಮನೆಯಲ್ಲಿ ದಿನನಿತ್ಯ ಮಾಂಸ ಬೇಯುತ್ತಿರಲಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಅವರು ಸೋರೆಕಾಯಿಯನ್ನು ಇಷ್ಟಪಟ್ಟು ತಿನ್ನುತ್ತಿದ್ದರೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಹಾಗಿರುವಾಗ ಮಾಂಸವಿಲ್ಲದ ಊಟ ಅತಿಥಿಗೆ ಅವಮಾನ, ಮನೆಯ ಯಜಮಾನನಿಗೆ ಕೊರತೆ ಎಂದು ಭಾವಿಸಬೇಕಾಗಿಲ್ಲ.

ಅಡುಗೆ ಮಾಡಿದವಳ ತಟ್ಟೆ

ಮಾಂಸ ಬೇಯಿಸಿದ ದಿನವೂ ಮನೆಯ ಎಲ್ಲರಿಗೆ ಮಾಂಸ ಸಿಗುತ್ತದೆಯೇ? ಕಾಲು ಕಿಲೋ ಮಟನ್‌ಗೆ ದೊಡ್ಡ ಪಾತ್ರೆಯಷ್ಟು ಸಾರು ಮಾಡುವ ಮನೆಗಳಿವೆ. ಗಂಡಸರಿಗೆ ಮತ್ತು ಮಕ್ಕಳಿಗೆ ಬಡಿಸಿ, ಕೊನೆಯಲ್ಲಿ ಕೂರುವ ತಾಯಿ ಅಥವಾ ಸೊಸೆಯ ಪಾಲಿಗೆ ಒಂದು ಆಲೂಗಡ್ಡೆ ತುಂಡು ಮತ್ತು ಸಾರು ಉಳಿದಿರುತ್ತದೆ. ಮಾಂಸದ ಸಾರಿಗೆ ಪರಿಮಳವಿದೆ, ಕೊಬ್ಬಿದೆ, ಆದರೆ ಪ್ರೊಟೀನ್ ಬಹಳ ಕಡಿಮೆ. ಹೆಸರಿಗೆ ಮಾಂಸಾಹಾರಿಯಾದ ಈ ಹೆಣ್ಣುಮಗಳು ಮಾಂಸವನ್ನೂ ತಿಂದಿಲ್ಲ, ಕಾಳನ್ನೂ ತಿಂದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣಗಳು ಹಲವು. ಕೊನೆಯಲ್ಲಿ ಬಡಿಸಿಕೊಳ್ಳುವ ತಟ್ಟೆಯೂ ಅವುಗಳಲ್ಲಿ ಒಂದು.

ಆದ್ದರಿಂದ ಕಾಳಿನ ಅಡುಗೆ ರೋಗಿಗೆ ಪ್ರತ್ಯೇಕವಾಗಿ ಮಾಡಿಡುವ ಪಥ್ಯವಾಗಬಾರದು. ಅದು ಇಡೀ ಮನೆಯ ಊಟವಾಗಬೇಕು. ಕಾಳು ಹಾಕಿದ ಪಾತ್ರೆಯಲ್ಲಿ ಕೊನೆಯ ಸೌಟಿನಲ್ಲೂ ಕಾಳು ಇರುತ್ತದೆ.

ಯುನಾನಿ ವೈದ್ಯದ ದೃಷ್ಟಿ

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕಲ್ಮಶ ಹೊರಹೋಗುವುದು ಮತ್ತು ಬೇಕಾದದ್ದು ಒಳಗುಳಿಯುವುದು, ಇವೇ ಆ ಆರು. ಔಷಧಕ್ಕಿಂತ ಮೊದಲು ಆಹಾರವನ್ನು ಸರಿಪಡಿಸುವ ಚಿಕಿತ್ಸೆಗೆ ‘ಇಲಾಜ್ ಬಿಲ್ ಗಿಝಾ’ ಎಂಬ ಹೆಸರೇ ಇದೆ.

ಹಕೀಮರು ಆಹಾರವನ್ನು ‘ಲತೀಫ್’ ಅಂದರೆ ಹಗುರ, ‘ಕಸೀಫ್’ ಅಂದರೆ ಜಡ ಎಂದು ವಿಂಗಡಿಸಿದ್ದಾರೆ. ದನದ ಮಾಂಸ ಕಸೀಫ್. ಹೆಸರುಬೇಳೆ, ಸೋರೆಕಾಯಿ ಲತೀಫ್. ಜ್ವರದಿಂದ ಎದ್ದವರಿಗೆ, ವಯಸ್ಸಾದವರಿಗೆ, ಕುಳಿತೇ ಕೆಲಸ ಮಾಡುವವರಿಗೆ ಹಗುರ ಆಹಾರವನ್ನು ಹೇಳುವುದು ಇದೇ ಕಾರಣಕ್ಕೆ. ಇನ್ನೊಂದು ಉಪಯುಕ್ತ ಕಲ್ಪನೆ ‘ಮುಸ್ಲಿಹ್’. ಒಂದು ಆಹಾರದಿಂದ ಆಗಬಹುದಾದ ತೊಂದರೆಯನ್ನು ಸರಿಪಡಿಸಲು ಅದರ ಜೊತೆಗೇ ಸೇರಿಸುವ ಪದಾರ್ಥ ಎಂದು ಇದರ ಅರ್ಥ. “ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ” ಎಂದು ಕಾಳನ್ನೇ ಬಿಡುವವರು ಇದನ್ನು ನೆನಪಿಡಬೇಕು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಮೆತ್ತಗಾಗುವಂತೆ ಬೇಯಿಸಿ. ಶುಂಠಿ, ಜೀರಿಗೆ, ಓಮ, ಬೆಳ್ಳುಳ್ಳಿ ಅಥವಾ ಇಂಗಿನ ಒಗ್ಗರಣೆ ಕೊಡಿ. ಅಭ್ಯಾಸವಿಲ್ಲದವರು ಮೊದಲ ವಾರ ಹೆಸರುಬೇಳೆಯಿಂದ ಆರಂಭಿಸಿ, ನಂತರ ಕಡಲೆ, ಹುರುಳಿಯ ಕಡೆಗೆ ಹೋಗಲಿ.

ಎಷ್ಟು ಬೇಕು?

ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.83 ಗ್ರಾಂ ಪ್ರೊಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಸಸ್ಯಾಹಾರಿ ವಯಸ್ಕರ ದಿನದ ಆಹಾರಕ್ಕೆ 85 ಗ್ರಾಂ ಬೇಳೆಕಾಳು, 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ-ಸೊಪ್ಪು, 300 ಮಿಲಿ ಹಾಲು ಅಥವಾ ಮೊಸರನ್ನು ಸೂಚಿಸಿದೆ.

ಈಗ ನಮ್ಮ ಅಡುಗೆಮನೆಯ ಲೆಕ್ಕ ನೋಡಿ. ಐದು ಜನ ವಯಸ್ಕರಿಗೆ ದಿನಕ್ಕೆ 400 ಗ್ರಾಂಗಿಂತ ಹೆಚ್ಚು ಬೇಳೆಕಾಳು ಬೇಕು. ಸಾರಿನ ಪಾತ್ರೆಗೆ ಬೀಳುವುದು ಒಂದೋ ಎರಡೋ ಹಿಡಿ ತೊಗರಿಬೇಳೆ! ಹೆಚ್ಚಿನ ಬೇಳೆಕಾಳುಗಳಲ್ಲಿ 100 ಗ್ರಾಂಗೆ 20ರಿಂದ 24 ಗ್ರಾಂ ಪ್ರೊಟೀನ್ ಇರುತ್ತದೆ. ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಹಾಗಾಗಿ ದಿನಕ್ಕೊಮ್ಮೆ ಗಟ್ಟಿ ಬೇಳೆಯ ಅಡುಗೆ, ಇನ್ನೊಮ್ಮೆ ಇಡಿ ಕಾಳಿನ ಪಲ್ಯ ಅಥವಾ ಉಸಳಿ, ಜೊತೆಗೆ ಒಂದು ಲೋಟ ಮೊಸರು ಅಥವಾ ಹಾಲು ಎಂದು ಇಟ್ಟುಕೊಂಡರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ.

ಕಾಳನ್ನು ಅಕ್ಕಿ, ಜೋಳ, ರಾಗಿ ಅಥವಾ ಗೋಧಿಯೊಂದಿಗೆ ತಿನ್ನುವುದಕ್ಕೂ ಕಾರಣವಿದೆ. ಧಾನ್ಯದ ಪ್ರೊಟೀನ್‌ನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ-ಕಾಳುಪಲ್ಯ, ಮುದ್ದೆ-ಹುರುಳಿಸಾರು, ಖಿಚಡಿ ಇವೆಲ್ಲ ಹೀಗೆಯೇ ಹೊಂದಿಕೊಂಡ ಜೋಡಿಗಳು.

ಚಹಾ ತಡವಾಗಲಿ, ನಿಂಬೆ ಜೊತೆಗಿರಲಿ

ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ಆದರೆ ವಿಟಮಿನ್ ಸಿ ಜೊತೆಗಿದ್ದರೆ ಅದು ಚೆನ್ನಾಗಿ ಹೀರಲ್ಪಡುತ್ತದೆ. ಬಡಿಸಿದ ಮೇಲೆ ಪಲ್ಯದ ಮೇಲೆ ಅರ್ಧ ನಿಂಬೆ ಹಿಂಡಿ, ಇಲ್ಲವೇ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಮೊಳಕೆ ಬರಿಸಿದ ಕಾಳೂ ಈ ವಿಷಯದಲ್ಲಿ ಒಳ್ಳೆಯದು. ನಮ್ಮಲ್ಲಿ ಊಟ ಮುಗಿದ ಕೂಡಲೇ ಚಹಾ ಬರುತ್ತದೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಡುತ್ತದೆ. ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಗರ್ಭಿಣಿಯರು ಮತ್ತು ರಕ್ತಹೀನತೆ ಇರುವವರು ಎಷ್ಟೇ ಸೊಪ್ಪು ತಿಂದರೂ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬಾರದು.

ನಮ್ಮ ಊರುಗಳ ಅಡುಗೆಯಿಂದಲೇ

ಹೊಸ ಅಡುಗೆ ಕಲಿಯುವ ಅಗತ್ಯವಿಲ್ಲ. ನಮ್ಮ ನಾಲಗೆಗೆ ಗೊತ್ತಿರುವ ಮಸಾಲೆಗೆ ಕಾಳನ್ನು ಹೊಂದಿಸಿದರೆ ಸಾಕು.

*ಸೋರೆಕಾಯಿ ದಾಲ್ಚಾ:* ಐದು ಜನಕ್ಕೆ 250 ಗ್ರಾಂ ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ಅರಿಸಿನ ಹಾಕಿ ಮೆತ್ತಗೆ ಬೇಯಿಸಿ, ಅರ್ಧದಷ್ಟನ್ನು ಮಸೆಯಿರಿ. ಎಣ್ಣೆಯಲ್ಲಿ ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಹಸಿಮೆಣಸು, ಟೊಮೆಟೊ ಹುರಿದು, ಅರ್ಧ ಕಿಲೋ ಸೋರೆಕಾಯಿಯ ದೊಡ್ಡ ತುಂಡು, ಖಾರದಪುಡಿ, ಧನಿಯಾಪುಡಿ, ಉಪ್ಪು ಮತ್ತು ಸ್ವಲ್ಪ ನೀರು ಹಾಕಿ ಬೇಯಿಸಿ. ಬೇಳೆ ಸೇರಿಸಿ, ಹುಣಸೆರಸ ಬಿಟ್ಟು ಕುದಿಸಿ, ಕರಿಬೇವು, ಪುದೀನ, ಕೊತ್ತಂಬರಿ ಹಾಕಿ ಇಳಿಸಿ. ದಾಲ್ಚಾದ ರುಚಿ ಹೆಚ್ಚಾಗಿ ಈ ಹುಳಿ ಮತ್ತು ಪುದೀನದಲ್ಲೇ ಇದೆ. ಮಾಂಸವಿಲ್ಲದೆಯೂ ಅದು ದಾಲ್ಚಾ ಆಗಿಯೇ ಉಳಿಯುತ್ತದೆ.

*ಕರಾವಳಿಯ ಬಸಳೆ-ಹೆಸರುಕಾಳು:* ಬಸಳೆಗೆ ಎಟ್ಟಿ ಹಾಕುವ ರೂಢಿ ನಮ್ಮಲ್ಲಿದೆ. ಅದರ ಬದಲು ನೆನೆಸಿದ ಹೆಸರುಕಾಳು ಅಥವಾ ಅಲಸಂಡೆ ಬೀಜ ಬೇಯಿಸಿ ಹಾಕಿ, ಅದೇ ತೆಂಗಿನಕಾಯಿ ಮಸಾಲೆ ಅರೆಯಿರಿ. ಕಡಲೆ ಗಸಿಯೂ ಹೀಗೆಯೇ. ಪುಂಡಿ, ಅಕ್ಕಿರೊಟ್ಟಿ ಎರಡಕ್ಕೂ ಇವು ಹೊಂದುತ್ತವೆ.

*ಉತ್ತರ ಕರ್ನಾಟಕದ ಪುಂಡಿಪಲ್ಯ:* ಪುಂಡಿಸೊಪ್ಪನ್ನು ತೊಗರಿಬೇಳೆ ಮತ್ತು ಸ್ವಲ್ಪ ಜೋಳದ ನುಚ್ಚಿನೊಂದಿಗೆ ಬೇಯಿಸಿ, ಮಸೆದು, ಧಾರಾಳ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಬೇಳೆ ಹೆಚ್ಚೇ ಇರಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಡಿಕೆಕಾಳಿನ ಉಸಳಿ ಜೊತೆಗಿದ್ದರೆ ಅದು ಪೂರ್ಣ ಊಟ.

*ಹಳೇ ಮೈಸೂರಿನ ಹುರುಳಿ ಬಸ್ಸಾರು:* ಬಸಿದ ಕಟ್ಟಿನಿಂದ ಸಾರು, ಬೆಂದ ಕಾಳಿನಿಂದ ಪಲ್ಯ. ಪಲ್ಯವನ್ನು ನೆಂಚಿಕೊಳ್ಳಲು ಎರಡು ಚಮಚ ಹಾಕಿಕೊಂಡರೆ ಸಾಲದು, ಒಂದು ಬಟ್ಟಲು ತಿನ್ನಬೇಕು. ರಾಗಿಮುದ್ದೆಯಲ್ಲಿ ಸುಣ್ಣದ ಅಂಶವೂ ಚೆನ್ನಾಗಿದೆ.

*ಕಲಬುರಗಿ-ಬೀದರ್ ಕಡೆಯ ಖಿಚಡಿ-ಖಟ್ಟಾ:* ಮಸೂರ್ ಬೇಳೆಯ ಖಿಚಡಿಗೆ ಹುಣಸೆ, ಎಳ್ಳು, ಶೇಂಗಾದ ಖಟ್ಟಾ. ಖೀಮಾದ ಬದಲು ಬೇಯಿಸಿದ ಮೊಟ್ಟೆ ಅಥವಾ ಮೊಳಕೆಕಾಳು ಇಡಬಹುದು. ಖೀಮಾವೇ ಬೇಕೆಂದು ಹಟ ಮಾಡುವ ಮಕ್ಕಳಿಗೆ ಸೋಯಾ ಉಂಡೆಯನ್ನು, ಅಂದರೆ ಅಂಗಡಿಯಲ್ಲಿ ‘ಮೀಲ್ ಮೇಕರ್’ ಎಂದು ಸಿಗುವುದನ್ನು, ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ ಖೀಮಾ ಮಸಾಲೆಯಲ್ಲೇ ಹುರಿದು ಕೊಡಿ.

ಗೋಬಿ ಮಂಚೂರಿ, ಪೂರಿ, ಬಜ್ಜಿ, ಹಪ್ಪಳಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅವುಗಳಲ್ಲಿ ಮಾಂಸವಿಲ್ಲ ನಿಜ, ಆದರೆ ಎಣ್ಣೆ, ಮೈದಾ, ಉಪ್ಪು ಬೇಕಾದಷ್ಟಿದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು ಎಂಬುದೂ ನೆನಪಿರಲಿ.

ಪೂರ್ತಿ ಬಿಡುವವರಿಗೆ ಒಂದು ಎಚ್ಚರಿಕೆ

ವಾರದಲ್ಲಿ ಮೂರು-ನಾಲ್ಕು ದಿನ ಮಾಂಸ ಬಿಡುವವರಿಗೆ ಈ ಚಿಂತೆ ಅಷ್ಟಿಲ್ಲ. ಮಾಂಸ, ಮೀನು, ಮೊಟ್ಟೆ ಮೂರನ್ನೂ ಪೂರ್ತಿ ಬಿಟ್ಟವರು ವಿಟಮಿನ್ ಬಿ-12ರ ಕಡೆ ಗಮನ ಕೊಡಲೇಬೇಕು. ಇದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸರಿಯಾಗಿ ಸಿಗುತ್ತದೆ. ಸೊಪ್ಪು, ಕಾಳುಗಳಿಂದ ಸಿಗುವುದಿಲ್ಲ. ಹುಳಿ ಬಂದ ಇಡ್ಲಿ-ದೋಸೆಯನ್ನೂ ಇದಕ್ಕಾಗಿ ನೆಚ್ಚಿಕೊಳ್ಳುವಂತಿಲ್ಲ. ಹಾಲು-ಮೊಸರಿನಲ್ಲಿ ಸ್ವಲ್ಪ ಇದೆ. ಕಾಲು ಜೋಮು ಹಿಡಿಯುವುದು, ಪಾದ ಉರಿ, ನಾಲಗೆ ಹುಣ್ಣು, ಮರೆವು, ಬಿಡದ ಸುಸ್ತು ಇದರ ಕೊರತೆಯ ಲಕ್ಷಣಗಳಾಗಿರಬಹುದು. ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿ-12 ಮೊದಲೇ ಕಡಿಮೆಯಾಗಿರಬಹುದು. ಅಂಥವರು ಮಾಂಸ ಬಿಡುವ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಲಿ. ಪಾದದ ಉರಿಯೆಲ್ಲ ಸಕ್ಕರೆಯಿಂದಲೇ ಎಂದು ಸುಮ್ಮನಿರುವುದು ಅಪಾಯ, ಏಕೆಂದರೆ ನರಗಳಿಗೆ ಆದ ಹಾನಿ ತಡವಾದರೆ ಪೂರ್ತಿ ಸರಿಹೋಗದೆ ಇರಬಹುದು.

ಇನ್ನೂ ಮೂರು ಮಾತು. ಮೂತ್ರಪಿಂಡದ ಕಾಯಿಲೆ ಇರುವವರು ಇಲ್ಲಿ ಹೇಳಿದ ಕಾಳಿನ ಪ್ರಮಾಣವನ್ನು ಅನುಸರಿಸಬಾರದು. ಅವರ ಪ್ರೊಟೀನ್ ಮತ್ತು ಸೊಪ್ಪಿನ ಅಳತೆಯನ್ನು ವೈದ್ಯರೇ ಹೇಳಬೇಕು. ಯೂರಿಕ್ ಆಮ್ಲ ಹೆಚ್ಚಿರುವವರು, ಯುನಾನಿಯಲ್ಲಿ ‘ನಿಕ್ರಿಸ್’ ಎನ್ನುವ ಕೀಲುನೋವಿನವರು, ಕಾಳಿಗೆ ಹೆದರಬೇಕಾಗಿಲ್ಲ. ಮಾಂಸ, ಯಕೃತ್ತು, ಕೆಲವು ಮೀನುಗಳಷ್ಟು ತೊಂದರೆಯನ್ನು ಕಾಳು ಕೊಡುವುದಿಲ್ಲ, ಮಿತಿಯಲ್ಲಿ ತಿನ್ನಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಯ ಹೊತ್ತಿಗೆ ಸೋಯಾ ತಿನ್ನದೆ ಕೆಲವು ಗಂಟೆಗಳ ಅಂತರ ಇಡಲಿ.

ಈ ವಾರ ಎರಡು ದಿನಗಳಿಂದ ಆರಂಭಿಸಿ. ಹಿಂದಿನ ರಾತ್ರಿ ಮಲಗುವ ಮುನ್ನ ಕಾಳು ನೆನೆಹಾಕುವ ಕೆಲಸವನ್ನು ಮನೆಯ ಗಂಡಸರೋ ಮಕ್ಕಳೋ ವಹಿಸಿಕೊಳ್ಳಲಿ. ಮಾಡಿದ ಅಡುಗೆ ಚೆನ್ನಾಗಿ ಬಂದರೆ ಬಿರಿಯಾನಿಯನ್ನು ಹಂಚುವಂತೆ ಅದನ್ನೂ ಒಂದು ಬಟ್ಟಲು ನೆರೆಮನೆಗೆ ಕಳಿಸಿ, ಮಾಡುವ ವಿಧಾನವನ್ನೂ ತಿಳಿಸಿ. ಊಟಕ್ಕೆ ಕೂತಾಗ ಮನೆಯ ಹೆಂಗಸರ ತಟ್ಟೆಗೂ ಒಂದು ಬಟ್ಟಲು ಗಟ್ಟಿ ಕಾಳು ಬಂದಿದೆಯೇ ಎಂದು ಒಮ್ಮೆ ನೋಡಿ.