ರಥಸಪ್ತಮಿಯ ಮರುದಿನವೂ ಚಾಪೆ ಹಾಸಿರಿ

ರಥಸಪ್ತಮಿ ಬಂತೆಂದರೆ ನಮ್ಮ ಸಾಂಗಲಿ, ಮಿರಜ ಕಡೆಯ ಹುಡುಗರೇ, ನೀವು ಪೈಪೋಟಿಗೆ ಬಿದ್ದು ನೂರೆಂಟು ಸೂರ್ಯನಮಸ್ಕಾರ ಹಾಕುತ್ತೀರಿ. ನೋಡಿ ಸಂತೋಷಪಡುತ್ತೇನೆ. ಆದರೆ ಇಟ್ಟಿಗೆಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಉಸಿರು ಬಿಗಿಹಿಡಿದು, ಹಣೆ ನೆಲಕ್ಕೆ ಮುಟ್ಟುವ ಮೊದಲೇ ಎದ್ದು ಬಿಡುವುದನ್ನು ಕಂಡಾಗ ಕಳವಳವಾಗುತ್ತದೆ. ಮರುದಿನ ತೊಡೆ ಹಿಡಿದುಕೊಂಡಿರುತ್ತದೆ. ಮತ್ತೆ ಚಾಪೆ ಬಿಚ್ಚುವುದು ಬರುವ ವರ್ಷಕ್ಕೇ.

ಈ ನಮಸ್ಕಾರಕ್ಕೂ ಮಿರಜಿಗೂ ಹಳೆಯ ನಂಟಿದೆ, ಮಕ್ಕಳೇ. ಔಂಧದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ವರ್ಷಗಟ್ಟಲೆ ಸ್ಯಾಂಡೋ ಎಂಬ ಪಾಶ್ಚಾತ್ಯ ಪೈಲ್ವಾನನ ಪದ್ಧತಿಯ ಕಸರತ್ತು ಮಾಡಿದವರು. 1908ರಲ್ಲಿ ಮಿರಜಿನ ಸಂಸ್ಥಾನಿಕ ಬಾಳಾಸಾಹೇಬ ಪಟವರ್ಧನರ ಮಾತು ಕೇಳಿ ಸೂರ್ಯನಮಸ್ಕಾರಕ್ಕೆ ಹೊರಳಿದರು. ಆಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಆಮೇಲೆ ತಮ್ಮ ಸಂಸ್ಥಾನದ ಶಾಲೆಗಳಲ್ಲೂ ಕಲಿಸಿದರು. ಇಪ್ಪತ್ತರಲ್ಲಿರುವ ನಿಮಗೆ ತಡವಾಯಿತೆಂದು ಯಾರು ಹೇಳಿಯಾರು?

ಇನ್ನೊಂದು ಭಯ ನನ್ನನ್ನು ಹೆಚ್ಚು ಕಾಡುತ್ತದೆ. ಪ್ರಾಣಾಯಾಮ ಮಾಡಿ, ಬಿ.ಪಿ. ಗುಳಿಗೆ ಬಿಡಿ ಎನ್ನುವ ವಿಡಿಯೋಗಳು ಮನೆಮನೆಗೆ ಬರುತ್ತಿವೆ. ಅಥಣಿ, ಜತ್ತ, ರಾಯಬಾಗದಿಂದ ಮಿರಜಿನ ದವಾಖಾನೆಗಳಿಗೆ ಬರುವವರಲ್ಲಿ ಹಾಗೆ ಗುಳಿಗೆ ಬಿಟ್ಟು ಕೆಟ್ಟವರೂ ಇದ್ದಾರೆ. ದಯಮಾಡಿ ಅಂಥ ಮಾತಿಗೆ ಮರುಳಾಗಬೇಡಿ. ಯೋಗವನ್ನು ಪ್ರೀತಿಸಿದವರೇ ಅದನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಸ್ವಾಮಿ ಕುವಲಯಾನಂದರು 1924ರಲ್ಲೇ ಲೋಣಾವಳೆಯಲ್ಲಿ ಕೈವಲ್ಯಧಾಮ ಯೋಗಸಂಸ್ಥೆ ಕಟ್ಟಿ, ಎಕ್ಸ್-ರೇ ಹಿಡಿದು ಯೋಗಕ್ರಿಯೆಗಳನ್ನು ಪರಿಶೀಲಿಸಿದರು. ಈಚೆಗೆ, ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸುಮಾರು ನಾಲ್ಕು ಸಾವಿರ ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು ಮೊದಲಿನ ಕೆಲಸಕಾರ್ಯಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಆದರೆ ಮತ್ತೆ ಹೃದಯಾಘಾತವಾಗುವುದು, ಸಾಯುವುದು ಇದರಿಂದ ಕಡಿಮೆಯಾಗುತ್ತದೆಂದು ಖಚಿತವಾಗಲಿಲ್ಲ. ಎರಡೂ ಮಾತನ್ನು ನೆನಪಿಡಿ.

ಚೀನಾದ ತಾಯಿ ಚಿ ಎಂಬ ನಿಧಾನಗತಿಯ ವ್ಯಾಯಾಮದ ವಿಷಯವನ್ನೂ ಕೇಳಿ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರನ್ನು ಮೂರು ಗುಂಪು ಮಾಡಿದ್ದರು. ತಾಯಿ ಚಿ ಗುಂಪಿನವರಿಗೆ ನಿಲುವಿನ ಹಿಡಿತ ಚೆನ್ನಾಗಿ ಬಂತು, ಬರೀ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಯಿತು. ಅವರು ಮಾಡಿದ್ದೇನು? ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, ನಿಧಾನವಾಗಿ, 24 ವಾರ ಬಿಡದೆ. ಒಂದೇ ದಿನ ನೂರೆಂಟು ಹಾಕುವ ನೀವು ಈ ಲೆಕ್ಕವನ್ನು ನೋಡಬೇಕು.

ನಾಳೆ ಬೆಳಿಗ್ಗೆ ಆರೇ ನಮಸ್ಕಾರ ಹಾಕಿ. ಬಾಗುವಾಗ ಉಸಿರು ಬಿಡಿ, ಏಳುವಾಗ ತೆಗೆದುಕೊಳ್ಳಿ, ಎಲ್ಲಿಯೂ ಕಟ್ಟಬೇಡಿ. ಬೆನ್ನುನೋವೋ ಬಿ.ಪಿ.ಯೋ ಇದ್ದರೆ ಮೊದಲು ಡಾಕ್ಟರರನ್ನು ಕೇಳಿ. ಮೊಬೈಲು ಒಳಗೇ ಇರಲಿ. ನಾಡಿದ್ದೂ ಆರೇ ಹಾಕಿ.